ಟೀ ಟ್ರೀ ಎಣ್ಣೆ ಹಚ್ಚಿದಲ್ಲೆಲ್ಲ ತುರಿಕೆ, ಮುಂದುವರಿಸಲಾ?

ಸಂಜೆಮಲ್ಲಿಗೆ:
ನನಗೆ 26. ಗದ್ದ, ದವಡೆ ತುಂಬ ಮೊಡವೆ. ಬೆಂಜಾಯ್ಲ್ ಪೆರಾಕ್ಸೈಡ್ ಹಚ್ಚಿದರೆ ಚರ್ಮ ಒಣಗಿ ಸಿಪ್ಪೆ ಏಳುತ್ತಿತ್ತು, ಬಿಟ್ಟೆ. ಹತ್ತು ದಿನದಿಂದ ಟೀ ಟ್ರೀ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ನೇರವಾಗಿ ಒತ್ತುತ್ತಿದ್ದೇನೆ. ಈಗ ಆ ಜಾಗವೆಲ್ಲ ಕೆಂಪಾಗಿ ತುರಿಸುತ್ತಿದೆ. ಗಿಡದ್ದೇ ಅಲ್ವಾ, ಒಗ್ಗಿಕೊಳ್ಳುತ್ತಾ?

ಬಲಗೆನ್ನೆ:
ಇವತ್ತೇ ನಿಲ್ಲಿಸಿ, ದಯವಿಟ್ಟು. ನಾನೂ ಹೀಗೇ ಹಚ್ಚಿದ್ದೆ. ಮೊಡವೆ ಹೋಯಿತು, ಎಣ್ಣೆ ಸುಟ್ಟ ಕಲೆ ಎರಡು ವರ್ಷವಾದರೂ ಬಲಗೆನ್ನೆಯಲ್ಲಿ ಉಳಿದಿದೆ.

ಎಣ್ಣೆಯಲ್ಲಿ ಸತ್ವ ಇಲ್ಲ ಅಂತಲ್ಲ. ಅದರಲ್ಲಿರುವ ಟರ್ಪಿನೆನ್-4-ಆಲ್ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. 1990ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ 124 ಜನರಲ್ಲಿ ಕೆಲವರಿಗೆ ಇದನ್ನೂ ಉಳಿದವರಿಗೆ ಬೆಂಜಾಯ್ಲ್ ಪೆರಾಕ್ಸೈಡನ್ನೂ ಕೊಟ್ಟು ನೋಡಿದರು. ಎರಡರಿಂದಲೂ ಮೊಡವೆ ಇಳಿಯಿತು. ಟೀ ಟ್ರೀ ನಿಧಾನ, ಆದರೆ ಕಿರಿಕಿರಿ ಕಡಿಮೆ. ಅಲ್ಲಿ ಬಳಸಿದ್ದು 5% ಜೆಲ್. ನೀವು ಹಚ್ಚುತ್ತಿರುವುದು ಏನೂ ಬೆರೆಸದ ಎಣ್ಣೆ, ಅಂದರೆ ಅದರ ಇಪ್ಪತ್ತು ಪಟ್ಟು! ಬಾಟಲಿ ತೆರೆದು ಎಷ್ಟು ದಿನವಾಯಿತು? ಗಾಳಿ, ಬೆಳಕು ತಾಗಿ ಹಳತಾದ ಎಣ್ಣೆಯೇ ಹೆಚ್ಚು ಅಲರ್ಜಿ ಮಾಡುವುದು. ನನ್ನದು ವರ್ಷದಿಂದ ಕಿಟಕಿಯ ಪಕ್ಕ ಇತ್ತು, ನನಗೆ ಹೇಳುವವರು ಯಾರೂ ಇರಲಿಲ್ಲ.

ನನಗೆ ಕೊನೆಗೆ ಹಿಡಿದದ್ದು ಅಜೆಲೈಕ್ ಆಸಿಡ್. ಗೋಧಿ, ಬಾರ್ಲಿಯಲ್ಲಿ ಸಹಜವಾಗಿ ಇರುವಂಥದ್ದು, ಟ್ಯೂಬಿನಲ್ಲಿರುವುದು ಮಾತ್ರ ಕಾರ್ಖಾನೆಯದು. ಬ್ಯಾಕ್ಟೀರಿಯಾ ತಗ್ಗಿಸುತ್ತದೆ, ರಂಧ್ರ ಕಟ್ಟಿಕೊಳ್ಳದಂತೆ ನೋಡುತ್ತದೆ, ಕಪ್ಪು ಕಲೆಯನ್ನೂ ತಿಳಿಯಾಗಿಸುತ್ತದೆ. ಮೊದಲ ವಾರ ಚುರುಗುಟ್ಟಿತು, ಫಲ ಕಂಡದ್ದು ಮೂರನೇ ತಿಂಗಳಲ್ಲಿ.

ನೆರಳು:
ಬಾವಂಚಿ ಬೀಜದ ಪುಡಿ ಹೇಗೆ? ಮುಖದ ಕ್ರೀಮುಗಳಲ್ಲಿ ಹಾಕುವ ಬಾಕುಚಿಯಾಲ್ ಅದರದ್ದೇ ಅಂತೆ.

ಬಲಗೆನ್ನೆ:
ಪುಡಿ ಬೇಡವೇ ಬೇಡ. ಬೀಜದಲ್ಲಿ ಸೊರಾಲೆನ್ ಕೂಡ ಇದೆ. ಅದು ಮೈಮೇಲಿದ್ದು ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ. ಕ್ರೀಮಿಗೆ ಹಾಕುವುದು ಅದರಿಂದ ಬೇರ್ಪಡಿಸಿ ಶುದ್ಧಮಾಡಿದ ಬಾಕುಚಿಯಾಲ್, ಆ ಮಾತೇ ಬೇರೆ.

ಸಂಜೆಮಲ್ಲಿಗೆ:
ಬಾಟಲಿ ಎಂಟು ತಿಂಗಳ ಹಳೆಯದು. ಎಸೆದೆ. ಅಜೆಲೈಕ್ ನಾಳೆಯೇ ಶುರು ಮಾಡಲಾ?

ಬಲಗೆನ್ನೆ:
ಬೇಡ, ಕೆಂಪು ಪೂರ್ತಿ ಇಳಿಯಲಿ. ಅಲ್ಲಿಯವರೆಗೆ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಮಾತ್ರ, ಹೊರಗೆ ಹೋಗುವಾಗ ಸನ್‌ಸ್ಕ್ರೀನ್. ಮುಖ ಊದಿದರೆ, ನೀರು ಜಿನುಗಿದರೆ ಕಾಯಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ. ಕೆಂಪು ಇಳಿದ ಮೇಲೆ ಅಜೆಲೈಕನ್ನು ದವಡೆಯ ಒಂದು ಮೂಲೆಗೆ ಬಟಾಣಿಕಾಳಿನ ಅರ್ಧದಷ್ಟು, ದಿನ ಬಿಟ್ಟು ದಿನ. ಹೇಗಾಯಿತೆಂದು ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.