ಆಟಿಯಲ್ಲಿ ತುಂಬಿದ ಬಾವಿ ಏಪ್ರಿಲಿನಲ್ಲಿ ಬತ್ತಿದರೆ ಏನನ್ನು ಅಳೆಯಬೇಕು?

ಪ್ರಶ್ನೆ: ನಮಸ್ಕಾರ ಸರ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಅರುವತ್ತು ಮನೆಗಳಿಗೆ ನೀರು ಕೊಡುವ ಸಣ್ಣ ಯೋಜನೆಯೊಂದನ್ನು ನಾವು ಕೆಲವರು ನೋಡಿಕೊಳ್ಳುತ್ತಿದ್ದೇವೆ. ತೋಡಿನ (ಸಣ್ಣ ಹಳ್ಳದ) ಬದಿಯಲ್ಲಿ ಒಂದು ತೆರೆದ ಬಾವಿ, ಗುಡ್ಡೆಯ ಮೇಲೆ ಒಂದು ಕೊಳವೆಬಾವಿ ಇವೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ದಂಡೆಯ ಹತ್ತಿರದವರೆಗೂ ನೀರಿದ್ದ ಬಾವಿ ಈ ಬಾರಿ ಏಪ್ರಿಲ್ ಮೊದಲ ವಾರದಲ್ಲೇ ಬತ್ತಿತು. ಇನ್ನೊಂದು ಕೊಳವೆಬಾವಿ ಕೊರೆಸಬೇಕೆಂದು ಕೆಲವರೂ ಮೊದಲು ನೀರಿನ ಮಟ್ಟ ಅಳೆಯಬೇಕೆಂದು ಕೆಲವರೂ ಹೇಳುತ್ತಾರೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ನಿವೃತ್ತ ಅಂತರ್ಜಲ ತಜ್ಞ): ಮೊದಲು ಅಳೆಯಿರಿ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೂ ಇಲ್ಲಿನ ನೆಲದ ಮುರಕಲ್ಲು (ರಂಧ್ರಗಳಿರುವ ಕೆಂಪು ಕಲ್ಲು, ಲ್ಯಾಟರೈಟ್) ಬೇಗ ತುಂಬಿ ಬೇಗ ಬಿಟ್ಟುಕೊಡುತ್ತದೆ. ನೀರು ತೋಡು, ಹೊಳೆಗಳ ಮೂಲಕ ಕಡಲು ಸೇರುತ್ತದೆ. ಆದ್ದರಿಂದ ಆಟಿಯ ಮಟ್ಟ ನೋಡಿ ಬೇಸಗೆಯನ್ನು ಅಂದಾಜಿಸಲಾಗದು. ಮಳೆ ನಿಂತ ಮೇಲೆ ಮಟ್ಟ ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದೇ ಮುಖ್ಯ. 2017ರ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’ ವರ್ಗದಲ್ಲಿತ್ತು, ಅಂದರೆ ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದ ಶೇಕಡಾ 90ಕ್ಕಿಂತ ಹೆಚ್ಚು ಬಳಕೆಯಾಗುತ್ತಿತ್ತು.

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಜಿಲ್ಲೆಯ ಚಿತ್ರಕ್ಕೆ ಅದು ಸಾಕು, ನಿಮ್ಮ ಯೋಜನೆಗೆ ಸಾಲದು. ನವೆಂಬರಿನಿಂದ ಮೇ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ ಅಳೆಯಿರಿ. ಬಾವಿಯ ದಂಡೆಯ ಮೇಲೆ ಒಂದೆಡೆ ಬಣ್ಣದ ಗುರುತು ಹಾಕಿ, ಪ್ರತಿ ಬಾರಿಯೂ ಅಲ್ಲಿಂದಲೇ ಟೇಪು ಇಳಿಸಿ, ದಂಡೆಯ ಎತ್ತರವನ್ನು ಕಳೆದು ನೆಲಮಟ್ಟದಿಂದ ಎಷ್ಟು ಆಳದಲ್ಲಿ ನೀರಿದೆ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ರಾತ್ರಿಯಿಡೀ ಪಂಪು ನಿಂತಿರಬೇಕು. ಸಾಧ್ಯವಾದರೆ ಪಕ್ಕದ ಅಡಿಕೆ ತೋಟದವರಿಗೂ ಹೇಳಿ ಆ ಬೆಳಿಗ್ಗೆ ಪಂಪು ತಡವಾಗಿ ಹಾಕಿಸಿ, ಇಲ್ಲದಿದ್ದರೆ ನೀವು ಅಳೆಯುವುದು ಪಂಪಿನಿಂದ ಕುಸಿದ ಮಟ್ಟವನ್ನೇ ಹೊರತು ನೆಲದ ನೀರನ್ನಲ್ಲ.

ಕೊಳವೆಬಾವಿಯ ಲೆಕ್ಕ ಪ್ರತ್ಯೇಕವಾಗಿರಲಿ. ಅದು ಬಂಡೆಯ ಬಿರುಕುಗಳ ನೀರು. ಪಂಪಿನ ಪೈಪಿನ ಪಕ್ಕದಲ್ಲಿ ಸಣ್ಣ ಪೈಪೊಂದನ್ನು ಇಳಿಸಿಟ್ಟರೆ ಅಳೆಯುವುದು ಸುಲಭ. ಅಲ್ಲಿ ವರ್ಷದಿಂದ ವರ್ಷಕ್ಕೆ ಮಳೆಗಾಲದ ಮಟ್ಟವೂ ಕೆಳಗಿಳಿಯುತ್ತಿದ್ದರೆ ಹೊಸತು ಕೊರೆಸುವುದು ಅದೇ ನೀರನ್ನು ಎರಡು ಕಡೆಯಿಂದ ಎಳೆದಂತಾದೀತು.

ಮುರಕಲ್ಲಿನಲ್ಲಿ ಒಂದು ಹೆಕ್ಟೇರಿನಷ್ಟು ಜಾಗದಲ್ಲಿ ಮಟ್ಟ ಒಂದು ಮೀಟರ್ ಇಳಿದರೆ ಸುಮಾರು ಎರಡೂವರೆ ಲಕ್ಷ ಲೀಟರ್ ನೀರು ಹೋಯಿತೆಂದು ಲೆಕ್ಕ. ನಿಮ್ಮ ಅರುವತ್ತು ಮನೆಗಳ ಮುನ್ನೂರು ಜನರಿಗೆ ದಿನಕ್ಕೆ ತಲಾ 55 ಲೀಟರಿನಂತೆ ಅದು ಹದಿನೈದು ದಿನದ ನೀರು. ಜನವರಿಯ ಮಟ್ಟ ಹಿಂದಿನ ವರ್ಷಕ್ಕಿಂತ ಒಂದು ಮೀಟರ್ ಕೆಳಗಿದ್ದರೆ ಫೆಬ್ರವರಿಯಲ್ಲೇ ಸರಬರಾಜಿನ ಹೊತ್ತನ್ನು ಕಡಿಮೆ ಮಾಡಿ. ಏಪ್ರಿಲಿನಲ್ಲಿ ಮಾಡಿದರೆ ಉಳಿಸಲು ನೀರೇ ಇರುವುದಿಲ್ಲ. ತೋಡಿಗೆ ಕಟ್ಟ (ನೀರು ತಡೆಯುವ ಒಡ್ಡು) ಹಾಕುವುದಿದ್ದರೆ ಹರಿವು ಇರುವ ಡಿಸೆಂಬರಿನೊಳಗೆ ಹಾಕಿ, ಬಾವಿಯ ಇಳಿತ ನಿಧಾನವಾಯಿತೇ ಎಂಬುದನ್ನು ಅದೇ ಪುಸ್ತಕದಲ್ಲಿ ನೋಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ನಮ್ಮಲ್ಲಿ ಬಾವಿಯಿಲ್ಲ, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ ಅಜ್ಜನ ಕಾಲದ ಸುರಂಗ ಮಾತ್ರ ಇದೆ. ಅದರಲ್ಲಿ ಏನನ್ನು ಅಳೆಯುವುದು?

ಉತ್ತರ: ಹರಿವನ್ನು ಅಳೆಯಿರಿ. ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಮೂರು ಬಾರಿ ನೋಡಿ ಸರಾಸರಿ ಬರೆದರಾಯಿತು. ಗುಡ್ಡೆಯ ಓರೆಯಲ್ಲಿರುವ ಸುರಂಗದ ಹರಿವು ಸಾಮಾನ್ಯವಾಗಿ ಕೆಳಗಿನ ಬಾವಿಗಿಂತ ಮೊದಲೇ ಕ್ಷೀಣಿಸುವುದರಿಂದ, ಆ ಅಂಕೆಯನ್ನು ಕೆಳಗಿನ ಮನೆಯವರಿಗೂ ತಿಳಿಸಿ.