‘ಸಿಬ್ಲಿಂಗ್ ಸೆಲೆಕ್ಟರ್’: ಒಡಹುಟ್ಟೋ, ಬೆನ್ನಿಗೆ ಹುಟ್ಟಿದ್ದೋ?

ಬಲ್ಲವರಲ್ಲಿ ಒಂದು ಪದದ ಕುರಿತು ವಿಚಾರಿಸುವುದಿದೆ. ವೆಬ್ ಪುಟದ ಬಣ್ಣ, ಅಳತೆ, ಅಂದಗಳನ್ನು ಹೊಂದಿಸುವ ಸಿಎಸ್‌ಎಸ್‌ನಲ್ಲಿ, ಒಂದೇ ಅಂಗದ (ಎಲಿಮೆಂಟ್‌ನ) ಮಡಿಲಲ್ಲಿ ನೇರವಾಗಿರುವ ಅಂಗಗಳನ್ನು ಪರಸ್ಪರ ‘ಸಿಬ್ಲಿಂಗ್’ ಎನ್ನುತ್ತಾರೆ. ತೀರ್ಥಹಳ್ಳಿಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಈ ಪಾಠವನ್ನು ಕನ್ನಡದಲ್ಲಿ ಹೇಳುವಾಗ ನಾನು ‘ಒಡಹುಟ್ಟು’ ಎನ್ನುತ್ತ ಬಂದಿದ್ದೆ. ಈಗ ಆ ಪದವೇ ತೊಡಕಾಗಿದೆ. (ಯಾವ ಅಂಗಕ್ಕೆ ಅಂದ ಹಾಕಬೇಕೆಂದು ಆರಿಸಿ ಹೇಳುವ ‘ಸೆಲೆಕ್ಟರ್’ ಪದವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ‘ಆಯ್ಕೆಗಾರ’ ಎಂದರೆ ಮಕ್ಕಳಿಗೆ ಕ್ರಿಕೆಟ್ ನೆನಪಾಗುತ್ತದೆ.)

ಮೊನ್ನೆ ವಿದ್ಯಾರ್ಥಿನಿಯೊಬ್ಬಳು ಅಡಿಕೆ ಧಾರಣೆಯ ಕೋಷ್ಟಕ ಮಾಡಿದ್ದಳು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮೇಲಿನಿಂದ ನಾಲ್ಕು ಸಾಲು. ಎರಡನೆಯ ಸಾಲಿಗೆ ‘ಬೆಟ್ಟೆ’ ಎಂಬ ಕ್ಲಾಸ್ (ಗುರುತಿನ ಹೆಸರು) ಕೊಟ್ಟು, ‘.ಬೆಟ್ಟೆ ~ ಟಿಆರ್’ (ಟಿಆರ್ ಎಂದರೆ ಕೋಷ್ಟಕದ ಸಾಲು) ಎಂದು ಬರೆದು ಹಸಿರು ಹಿನ್ನೆಲೆ ಹಾಕಿದಾಗ ರಾಶಿ, ಗೊರಬಲು ಮಾತ್ರ ಹಸಿರಾದವು. “ಸರಕೂ ಬೆಟ್ಟೆಗೆ ಒಡಹುಟ್ಟೇ ಅಲ್ವಾ ಸರ್, ಅದಕ್ಕೆ ಯಾಕೆ ಬಣ್ಣ ಬರ್ಲಿಲ್ಲ?” ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ~ ಚಿಹ್ನೆಯು ಹೆಸರಿಸಿದ ಅಂಗದ ನಂತರ ಬರುವ ಒಡಹುಟ್ಟುಗಳನ್ನಷ್ಟೇ ಹಿಡಿಯುತ್ತದೆ. ಅದರ ಬದಲು, ತೀರ ಮುಂದಿನ ಒಡಹುಟ್ಟನ್ನಷ್ಟೇ ಹಿಡಿಯುವ + ಚಿಹ್ನೆ ಹಾಕಿದ್ದರೆ ರಾಶಿಯೊಂದೇ ಹಸಿರಾಗುತ್ತಿತ್ತು.

ಇಂಗ್ಲಿಷಿನಲ್ಲೂ ಈ ಗೊಂದಲವಿತ್ತು. + ಚಿಹ್ನೆ 1998ರ ಸಿಎಸ್‌ಎಸ್ 2ರಲ್ಲೇ ಬಂದಿತ್ತು. 2011ರಲ್ಲಿ ಅಂತಿಮಗೊಂಡ, ಸೆಲೆಕ್ಟರ್‌ಗಳ ಮೂರನೆಯ ಹಂತದ ನಿರೂಪಣೆಯಲ್ಲಿ ~ ಚಿಹ್ನೆಯನ್ನು ‘ಜನರಲ್ ಸಿಬ್ಲಿಂಗ್’ ಎಂದು ಕರೆದು, ನಾಲ್ಕನೆಯ ಹಂತದಲ್ಲಿ ‘ಸಬ್‌ಸೀಕ್ವೆಂಟ್ ಸಿಬ್ಲಿಂಗ್’ ಎಂದು ಬದಲಿಸಿದರು. ‘ಸಿಬ್ಲಿಂಗ್’ ಎಂಬ ಮಾತಿನಲ್ಲಿ ಹಿರಿಕಿರಿತನ ಇಲ್ಲದ್ದರಿಂದ ಅದನ್ನು ಹೊರಗಿನಿಂದ ಸೇರಿಸಬೇಕಾಯಿತು. ನಮ್ಮಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಎನ್ನುವಾಗ ಹುಟ್ಟಿನ ಕ್ರಮ ಮಾತಿನೊಳಗೇ ಕೂತಿರುತ್ತದೆ. ಅದಕ್ಕಿಂತಲೂ ನಿಖರವಾದದ್ದು, ನಮ್ಮ ಮನೆಯ ಹಿರಿಯರು ಹೇಳುವ ‘ಅವಳ ಬೆನ್ನಿಗೆ ಹುಟ್ಟಿದವನು’ ಎಂಬ ಮಾತು. ಅವಳಾದ ಮೇಲೆ ನಡುವೆ ಬೇರೆ ಮಗುವಿಲ್ಲದೆ ಹುಟ್ಟಿದವನು ಎಂದು ಅದರರ್ಥ. + ಹೇಳುವುದೂ ಇದನ್ನೇ.

ಆದ್ದರಿಂದ ~ ಚಿಹ್ನೆಗೆ ‘ಕಿರಿಯ ಒಡಹುಟ್ಟು’, + ಚಿಹ್ನೆಗೆ ‘ಬೆನ್ನಿಗೆ ಹುಟ್ಟಿದ್ದು’ ಎಂದು ಬಳಸಬಹುದೆಂದು ನನಗೆ ತೋರುತ್ತದೆ. ಬೆಟ್ಟೆಯ ಬೆನ್ನಿಗೆ ಹುಟ್ಟಿದ್ದು ರಾಶಿ, ಸರಕು ಅದಕ್ಕೆ ಅಕ್ಕ ಎಂದೊಡನೆ ಆ ಹುಡುಗಿಗೆ ವಿಷಯ ತಿಳಿಯಿತು.

ಆದರೆ ಕೆಲವರ ಮಾತಿನಲ್ಲಿ ‘ಬೆನ್ನಿಗೆ ಬಿದ್ದವರು’ ಎಂದರೆ ಕಿರಿಯರೆಲ್ಲರೂ ಸೇರುತ್ತಾರೆ. ನಿಮ್ಮ ಕಡೆ ‘ಬೆನ್ನಿಗೆ ಹುಟ್ಟಿದ’ ಎಂಬುದು ತೀರ ಮುಂದಿನ ಒಬ್ಬರಿಗಷ್ಟೇ ಸಲ್ಲುತ್ತದೆಯೇ, ಅಥವಾ ಆಮೇಲಿನವರೆಲ್ಲರಿಗೂ ಸಲ್ಲುತ್ತದೆಯೇ? ಒಬ್ಬರಿಗಷ್ಟೇ ಸಲ್ಲುವುದಾದರೆ, ಪಾಠದಲ್ಲಿ ಬಳಸಲು ಒಗ್ಗುವಂತೆ ಅದನ್ನು ಒಂದೇ ನಾಮಪದವಾಗಿ ಹೇಗೆ ಕಟ್ಟಬಹುದು?