ಸಹಾಯ ಬೇಕು: ಕೋಲ್ಟ್ರೇನ್ ಕೇಳೋದು ಹೇಗೆ?

ನಮಸ್ಕಾರ. ನಾನು ಸಂಗೀತ ಕಲಿತವಳಲ್ಲ, ಖುಷಿಗೆ ಕೇಳುವವಳು. ಕೆಲವು ತಿಂಗಳಿಂದ ಹೆಸರಾಂತ ಹಳೆಯ ಆಲ್ಬಂಗಳನ್ನು ಒಂದೊಂದಾಗಿ, ಯಾವ ಹಾಡನ್ನೂ ದಾಟಿಸದೆ, ಪೂರ್ತಿ ಕೇಳ್ತಿದ್ದೇನೆ.

ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' (1971) ಮೊದಲ ಸಲಕ್ಕೇ ಹಿಡಿಸಿತು. ಒಂದು ಹಾಡು ಮುಗಿಯಿತು ಅನ್ನುವಷ್ಟರಲ್ಲಿ ಅದರೊಳಗಿಂದಲೇ ಇನ್ನೊಂದು ಶುರುವಾಗುತ್ತೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' (1959) ಎರಡನೇ ಸಲಕ್ಕೆ ಒಲಿಯಿತು. ಮೊದಲ ಟ್ರ್ಯಾಕಿನಲ್ಲಿ ಬಾಸ್ ಅನ್ನುವ ಕೆಳದನಿಯ ತಂತಿವಾದ್ಯ ಏನೋ ಪ್ರಶ್ನೆ ಕೇಳಿದ ಹಾಗಿರುತ್ತೆ, ಉಳಿದ ವಾದ್ಯಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಅದು ಕಿವಿಗೆ ಬಿದ್ದ ಕ್ಷಣದಿಂದ ಜಾಝ್ ಬಗೆಗಿದ್ದ ಅಳುಕು ಹೋಯಿತು. ಜರ್ಮನಿಯ ಎಲೆಕ್ಟ್ರಾನಿಕ್ ಸಂಗೀತ ತಂಡ ಕ್ರಾಫ್ಟ್‌ವರ್ಕ್ ಕೂಡ ಇಷ್ಟವಾಯಿತು.

ಸಿಕ್ಕಿಹಾಕಿಕೊಂಡಿರುವುದು ಜಾಝ್ ಸ್ಯಾಕ್ಸಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' (1965) ಹತ್ತಿರ. ನಾಲ್ಕು ಭಾಗಗಳು. ಮೊದಲನೆಯದರಲ್ಲಿ ನಾಲ್ಕು ಸ್ವರಗಳ ಒಂದು ಎಳೆ ಮತ್ತೆ ಮತ್ತೆ ಬಂದು ಕೊನೆಗೆ ಮನುಷ್ಯರ ದನಿಯೇ ಆಗುತ್ತೆ, ಅಲ್ಲಿ ಮೈ ಜುಮ್ಮೆನ್ನುತ್ತೆ. ಮೂರನೇ ಭಾಗಕ್ಕೆ ಬರುವಷ್ಟರಲ್ಲಿ ಎಳೆ ಕೈತಪ್ಪುತ್ತೆ. ಮೂರು ಸಲವೂ ಹೀಗೇ ಆಯಿತು. ಬಿಟ್ಟುಬಿಡಲು ಮನಸ್ಸಿಲ್ಲ.

ಕೊನೆಯ ಭಾಗದಲ್ಲಿ ಅವರು ತಾವೇ ಬರೆದ ಪ್ರಾರ್ಥನೆಯ ಮಾತುಗಳನ್ನು ಸ್ಯಾಕ್ಸಫೋನ್‌ನಲ್ಲಿ ನುಡಿಸಿದ್ದಾರೆ. ಅದನ್ನು ಓದುತ್ತಾ ಕೇಳಬೇಕೇ, ಅಥವಾ ಮೊದಲು ಬರೀ ನಾದಕ್ಕೆ ಕಿವಿಗೊಡಬೇಕೇ? ಡ್ರಮ್ಸ್ ಹಿಡಿದು ಹೋಗಲೇ, ಪಿಯಾನೋ ಹಿಡಿದು ಹೋಗಲೇ? ಇದಕ್ಕೂ ಮುಂಚೆ ಅವರದೇ ಬೇರೆ ಯಾವುದಾದರೂ ಆಲ್ಬಂ ಕೇಳಿದರೆ ದಾರಿ ಸಲೀಸಾಗುತ್ತಾ? ನಿಮಗೆ ಇದು ಹೇಗೆ ಒಲಿಯಿತು, ದಯವಿಟ್ಟು ಬಿಡಿಸಿ ಹೇಳಿ.